‘ಮುಂದೆ’ ಅಂದರೆ

ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು. ಎಡಗಡೆಯ ದವಡೆಹಲ್ಲಿಗೆ ಹಲ್ಲಿನ ಡಾಕ್ಟರು ತಾತ್ಕಾಲಿಕವಾಗಿ ಮೆತ್ತಿದ್ದ ಸಿಮೆಂಟಿನ ಒಂದು ಅಂಚು ಚೂಪಾಗಿ ಉಳಿದುಬಿಟ್ಟಿತ್ತು; ಮುಟ್ಟಬಾರದೆಂದು ಹಟ ಹಿಡಿದಷ್ಟೂ ನಾಲಿಗೆ ಅದನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಭಾನುವಾರದ ಬೆಳಗು. ಅಳತೆಯ ಟೇಪು ಹಿಡಿದು ಅವನು ಅಕ್ಕನ ಮನೆಯ ಗೇಟಿನ ಹೊರಗೆ ನಿಂತಿದ್ದ. ಬಡಾವಣೆಯ ನಿವಾಸಿಗಳ ಸಮಿತಿಗೆ ಅವನು ಕಾರ್ಯದರ್ಶಿ. ಯಾರ ಗೋಡೆ ರಸ್ತೆಗೆ ಚಾಚಿದೆ, ಯಾರ ಗೇಟಿನ ಬಣ್ಣ ಒಪ್ಪಿತವಲ್ಲ, ಯಾರು ಕೇಳದೆ ಮರ ಕಡಿದರು, ಎಲ್ಲವನ್ನೂ ನೋಡಿ, ಅಳೆದು, ಬರೆದು ಸಭೆಗೆ ಒಪ್ಪಿಸುವ ಕೆಲಸ ಅವನದು. ಬಡಾವಣೆಯವರು ಅವನನ್ನು ಹಿಂದಿನಿಂದ ‘ಟೇಪು’ ಎನ್ನುತ್ತಾರೆಂದು ಗೊತ್ತಿತ್ತು, ಅದರಲ್ಲಿ ಅವನಿಗೆ ಬೇಸರಕ್ಕಿಂತ ಹೆಚ್ಚಾಗಿ ಒಂದು ಬಗೆಯ ಗತ್ತೇ ಇತ್ತು. ಆದರೆ ಈ ದಿನ ಅಳೆಯಬೇಕಾಗಿದ್ದುದು ಅಕ್ಕನ ಮನೆಬಾಗಿಲಿನಿಂದ ಮೆಟ್ಟಿಲುಗಳನ್ನೆಲ್ಲ ಮುಚ್ಚಿಕೊಂಡು ರಸ್ತೆಯ ಅಂಚಿನವರೆಗೆ ಇಳಿದಿದ್ದ ಕಾಂಕ್ರೀಟಿನ ಇಳಿಜಾರನ್ನು. ಎದುರುಮನೆಯ ಜಗುಲಿಯಲ್ಲಿ ಸಮಿತಿಯ ಖಜಾಂಚಿ ಪೇಪರು ಹಿಡಿದು ಕೂತಿದ್ದ. ಬಹಳ ಹೊತ್ತಿನಿಂದ ಹಾಳೆ ಮಗುಚಿರಲಿಲ್ಲ. ನೋಡಲಿ ಬಿಡು, ಎಂದುಕೊಂಡ. ತನ್ನ ಅಕ್ಕನ ಮನೆಯನ್ನೂ ಅಳೆಯುತ್ತಾನೆ, ಮುಖ ನೋಡಿ ಮಣೆ ಹಾಕುವವನಲ್ಲ ಎಂದು ನಾಲ್ಕು ಜನರಿಗೆ ಗೊತ್ತಾಗಲಿ. ಹಾಗೆಂದುಕೊಂಡರೂ ಗೇಟು ತೆಗೆಯುವ ಕೈ ಮುಂದೆ ಬರಲಿಲ್ಲ.

ಅಕ್ಕ ತಾನೇ ಹೊರಗೆ ಬಂದಳು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ.

“ಏನೋ ಮೂಗಾ, ಅಳೆಯೋಕೆ ಬಂದ್ಯಾ? ಹೊರಗೇ ಯಾಕೆ ನಿಂತೆ, ಬಾಡಿಗೆ ಕೇಳೋಕೆ ಬಂದವನ ಥರ? ಒಬ್ಬನೇ ಹೇಗೆ ಅಳೀತೀಯ, ಆ ತುದಿ ಕೊಡು ಇಲ್ಲಿ.”

ಅವನು ಕೊಡುವ ಮೊದಲೇ ಕಿತ್ತುಕೊಂಡು, ಟೇಪಿನ ತುದಿಯನ್ನು ಹೊಸ್ತಿಲಿಗೆ ಒತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತಳು. “ಸರಿಯಾಗಿ ಎಳಿ. ಸಡಿಲ ಬಿಟ್ರೆ ಜಾಸ್ತಿ ತೋರಿಸುತ್ತೆ. ಜಾಸ್ತಿ ತೋರಿಸಿದ್ರೆ ನಿಮ್ಮ ಅಧ್ಯಕ್ಷರು, ಆ ಹಲ್ಲಿನ ಡಾಕ್ಟರು, ಅದನ್ನೇ ಹಿಡ್ಕೋತಾರೆ.” ಒಳಗಿನಿಂದ ಭಾವನ ದನಿ ಬಂತು: “ಯಾರೇ ಅದು? ಕಾರ್ಯದರ್ಶಿಗಳಾ? ಒಳಗೆ ಕರಿ, ನನ್ನೂ ಒಂದ್ಸಲ ಅಳ್ಕೊಂಡು ಹೋಗ್ಲಿ. ಮೊದಲಿಗಿಂತ ಕುಳ್ಳ ಆಗಿದೀನಿ.” ಅಕ್ಕ ನಕ್ಕಳು. ಖಜಾಂಚಿಯೂ ನಕ್ಕಿರಬೇಕು, ಪೇಪರು ಅಲುಗಿತು. ನಗಬೇಕಾದವನು ತಾನೊಬ್ಬನೇ ಉಳಿದೆ ಎಂದು ಗೊತ್ತಾಗಿ ಅವನು ನಗಲು ನೋಡಿದ, ಹಲ್ಲಿಗೆ ಗಾಳಿ ತಾಕಿ ಚಳುಕು ಹೊಡೆಯಿತು. ಇಳಿಜಾರಿನ ಮೇಲೆ ಗಾಲಿಕುರ್ಚಿಯ ಎರಡು ಗೆರೆಗಳು ನುಣ್ಣಗೆ ಸವೆದು ಕಪ್ಪಾಗಿದ್ದವು. ಡ್ರೈವಿಂಗ್ ಶಾಲೆ ನಡೆಸಿಕೊಂಡು ಊರಿಗೆಲ್ಲ ಕಾರು ಕಲಿಸಿದ್ದ ಭಾವ, ಏಣಿಯಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮೇಲೆ, ದಿನಾ ಬೆಳಿಗ್ಗೆ ಈ ಇಳಿಜಾರಿನಲ್ಲಿ ತನ್ನಷ್ಟಕ್ಕೆ ತಾನೇ ಇಳಿದು ರಸ್ತೆಯ ತಿರುವಿನವರೆಗೆ ಹೋಗುತ್ತಿದ್ದ. ಅಲ್ಲಿ ಚಹಾದಂಗಡಿಯ ಪಕ್ಕ ಕುರ್ಚಿ ನಿಲ್ಲಿಸಿಕೊಂಡು ಹೋಗುವ ಬರುವ ಗಾಡಿಗಳವರನ್ನು ಬಯ್ಯುತ್ತಿದ್ದ. “ಕ್ಲಚ್ಚು ಬಿಡೋ, ಅದೇನು ನಿನ್ನ ಹೆಂಡತಿ ಕೈಯಾ?” ಎಂದು ಕೂಗಿದರೆ ಚಹಾದಂಗಡಿ ಪೂರ್ತಿ ನಗುತ್ತಿತ್ತು. ಕಾರು ಕಲಿಯುವಾಗ ಈ ಮಾತನ್ನು ಅವನೂ ಕೇಳಿಸಿಕೊಂಡಿದ್ದ, ಹಿಂದಿನ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಹೆಂಡತಿ ಕೂತಿರುವಾಗಲೇ. ಆಮೇಲೆ ಅವನು ಸ್ಟಿಯರಿಂಗು ಮುಟ್ಟಲಿಲ್ಲ. ಭಾವ ಬಿದ್ದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಮನಸ್ಸಿನ ತಳದಲ್ಲಿ ಏನೋ ಒಂದು ಹಗುರವಾಗಿತ್ತು. ಅದು ಏನೆಂದು ಅವನು ಬಗ್ಗಿ ನೋಡಲು ಹೋಗಿರಲಿಲ್ಲ.

“ಬರ್ಕೊಂಡ್ಯಾ?” ಎಂದಳು ಅಕ್ಕ. ಟೇಪಿನ ತುದಿ ಬಿಟ್ಟಳು, ಅದು ಸುರ್ರನೆ ಬಂದು ಅವನ ಬೆರಳಿಗೆ ಬಡಿಯಿತು. “ಕೇಳು ಇಲ್ಲಿ. ಇದೊಂದಿಲ್ಲ ಅಂದ್ರೆ ಅವರು ಆ ಕೋಣೇಲಿ ಗೋಡೆ ನೋಡ್ಕೊಂಡೇ ಸಾಯ್ತಾರೆ. ನಿಂಗೆ ಬಿಡಿಸಿ ಹೇಳ್ಬೇಕಾ? ಸಭೆಗೆ ನಾನೇ ಬರ್ತೀನಿ. ನೀನು ಹೆಚ್ಚಿಗೆ ಏನೂ ಮಾತಾಡ್ಬೇಡ, ನಿಂಗೆ ಬರಲ್ಲ. ಕೇಳಿದಾಗ ಇದ್ದದ್ದನ್ನ ಹೇಳಿದ್ರೆ ಸಾಕು.”

ನಿಂಗೆ ಬರಲ್ಲ. ತನ್ನ ಮನೆಯ ಕಡೆ ನಡೆಯುತ್ತಿದ್ದವನ ಕಿವಿಯಲ್ಲಿ ಅದೊಂದೇ ಉಳಿಯಿತು. ಶಾಲೆಗೆ ಸೇರಿಸುವ ವಯಸ್ಸು ಬಂದರೂ ಅವನ ಬಾಯಲ್ಲಿ ಮಾತು ಹೊರಟಿರಲಿಲ್ಲವಂತೆ. ಅಮ್ಮ ಹಣೆಬರಹ ಎಂದು ಕೈಬಿಟ್ಟಿದ್ದಳು. ಅಕ್ಕ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬಕೆಟ್ಟು, ಪೊರಕೆ, ಕಲ್ಲು, ಬೆಕ್ಕು ಒಂದೊಂದನ್ನೇ ತೋರಿಸಿ, ಅನ್ನು, ಅನ್ನು ಎಂದು ತೋಳು ಚಿವುಟುತ್ತಿದ್ದಳು. ಅವನು ಮೊದಲು ಆಡಿದ ಮಾತು ‘ಬೇಡ’. ಮನೆಗೆ ಬಂದವರಿಗೆಲ್ಲ ಅಕ್ಕ ಇದನ್ನು ಹೇಳುತ್ತಿದ್ದಳು, ಅವನ ಮದುವೆಯ ಮಾತುಕತೆಗೆ ಬಂದ ಹೆಣ್ಣಿನ ಕಡೆಯವರಿಗೂ ಹೇಳಿದ್ದಳು: ನಾನು ಚಿವುಟದೇ ಇದ್ದಿದ್ರೆ ಇವನು ಇವತ್ತೂ ಮೂಗನೇ. ಹೆಣ್ಣಿನ ಕಡೆಯವರು ನಕ್ಕರು, ಹೆಣ್ಣೂ ನಕ್ಕಿತು. ಉಪಕಾರ ಮಾಡಿದವರನ್ನು ಕ್ಷಮಿಸುವುದು ಎಷ್ಟು ಕಷ್ಟ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಕಲಿತದ್ದಕ್ಕೆ ಸರಿಯಾದ ಕೆಲಸವೂ ಸಿಕ್ಕಿತು, ಅಚ್ಚುಮನೆಯಲ್ಲಿ ಕರಡು ತಿದ್ದುವುದು. ಬೇರೆಯವರು ಆಡಿದ ಮಾತನ್ನು ಬಾಯಿ ಬಿಡದೆ ಸರಿಮಾಡುವ ಉದ್ಯೋಗ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ದೊಡ್ಡ ದೊಡ್ಡ ಲೇಖಕರು ಅವನ ಕೆಂಪು ಶಾಯಿಗೆ ಹೆದರುತ್ತಿದ್ದರು. ಹೆಚ್ಚಿನ ಒಂದು ಪದ ಕಂಡರೂ ಅನ್ನದಲ್ಲಿ ಕಲ್ಲು ಸಿಕ್ಕಂತಾಗಿ ಅವನು ಅದನ್ನು ಹೊಡೆದುಹಾಕುತ್ತಿದ್ದ. ‘ಪುನಃ ಮತ್ತೆ’ ಎಂದಿದ್ದರೆ ಪುನಃ ಹೋಗುತ್ತಿತ್ತು. ‘ಸುಮಾರು ಒಂದಷ್ಟು’ ಎಂದಿದ್ದರೆ ಸುಮಾರು ಹೋಗುತ್ತಿತ್ತು.

ಹಾಗೆ ಹೋದ ಒಂದು ಪದವೇ ಈಗ ಗಂಟಲಿಗೆ ಅಡ್ಡ ನಿಂತಿತ್ತು. ಕೆಲವು ವರ್ಷಗಳ ಹಿಂದೆ, ಅಕ್ಕನ ಇಳಿಜಾರು ಕಟ್ಟಿ ಮುಗಿದು ಭಾವ ಅದರ ಮೇಲೆ ಓಡಾಡುತ್ತಿದ್ದ ಕಾಲದಲ್ಲೇ, ಬಡಾವಣೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಟ್ಟೆ, ಗೂಡು, ಶೆಡ್ಡು ಎಬ್ಬಿಸತೊಡಗಿದ್ದರು. ಆಗಿನ ಅಧ್ಯಕ್ಷರು, ಈಗ ಮನೆ ಮಾರಿ ಬೇರೆ ಊರು ಸೇರಿದವರು, ಕೈಮುಗಿದು ಹೇಳಿದ್ದರು: “ಆಗಿದ್ದು ಆಗಿಹೋಯ್ತು. ಇನ್ನು ಮುಂದೆ ಯಾರೂ ಏನೂ ಕಟ್ಟೋದು ಬೇಡ. ಇದನ್ನೇ ಚೆನ್ನಾಗಿ ಒಂದು ನಿಯಮ ಮಾಡಿ ಬರೆದುಬಿಡಿ.” ಅವನು ಬರೆದ. ‘ಇನ್ನು ಮುಂದೆ ಯಾರೂ ಕಟ್ಟೆ, ಕೋಣೆ, ಇಳಿಜಾರು ಇತ್ಯಾದಿಗಳನ್ನು ಕಟ್ಟತಕ್ಕದ್ದಲ್ಲ.’ ಓದಿದ. ಮತ್ತೊಮ್ಮೆ ಓದಿದ. ಮುಂದೆ ಎಂದರೆ ಮುಂದೆಯೇ, ಇನ್ನು ಯಾಕೆ? ಹೊಡೆದುಹಾಕಿದ. ವಾಕ್ಯ ಎಷ್ಟು ಬಿಗಿಯಾಯಿತೆಂದರೆ ಅವನಿಗೆ ಅವತ್ತು ರೊಟ್ಟಿ ಎರಡು ಹೆಚ್ಚು ಸೇರಿತ್ತು. ‘ಮುಂದೆ ಯಾರೂ ಕಟ್ಟೆ, ಕೋಣೆ, ಇಳಿಜಾರು ಇತ್ಯಾದಿಗಳನ್ನು ಕಟ್ಟತಕ್ಕದ್ದಲ್ಲ.’ ಹಾಗೆಯೇ ಅಚ್ಚಾಗಿ ಸಮಿತಿಯ ಕೋಣೆಯ ಗೋಡೆಗೆ ಚೌಕಟ್ಟು ಹಾಕಿಸಿಕೊಂಡು ಕೂತಿತು.

ಜಗಳ ಶುರುಮಾಡಿದವಳೂ ಅಕ್ಕನೇ. ಅವಳ ಮನೆಯ ಬೆನ್ನಿಗೆ ಬೆನ್ನು ಹಚ್ಚಿದ ಮನೆ ಹಲ್ಲಿನ ಡಾಕ್ಟರದು. ಈಗ ಸಮಿತಿಯ ಅಧ್ಯಕ್ಷರು. ಅವರು ಹೋದ ಬೇಸಿಗೆಯಲ್ಲಿ ಹಿತ್ತಲಿನಲ್ಲಿ ಒಂದು ಕೋಣೆ ಎಬ್ಬಿಸಿದರು, ಅದರ ತಗಡಿನ ನೀರೆಲ್ಲ ಅಕ್ಕನ ಹಿತ್ತಲಿಗೆ ಬೀಳತೊಡಗಿತು. ಅಕ್ಕ ಹೇಳಿ ನೋಡಿದಳು, ಕೂಗಿ ನೋಡಿದಳು, ಕೊನೆಗೆ ಸಮಿತಿಗೆ ದೂರು ಕೊಟ್ಟಳು: ಮುಂದೆ ಯಾರೂ ಕಟ್ಟಬಾರದೆಂದು ನಿಯಮವಿರುವಾಗ ಅಧ್ಯಕ್ಷರೇ ಕಟ್ಟಿದ್ದು ಹೇಗೆ? ಡಾಕ್ಟರು ಓದಿ ನಕ್ಕರು. ಮುಂದೆ ಕಟ್ಟಬಾರದು ಅಂದಿದೆ, ನಾನು ಹಿಂದೆ ಕಟ್ಟಿದೀನಿ, ಎಂದರು. ಮೊದಲು ಅದು ತಮಾಷೆಯಾಗಿತ್ತು. ಆಮೇಲೆ ಅವರಿಗೇ ಅದು ತಮಾಷೆಗಿಂತ ಹೆಚ್ಚು ಎಂದು ಹೊಳೆದಿರಬೇಕು. ಮನೆಯ ಮುಂಭಾಗದಲ್ಲಿ ಕಟ್ಟಿರುವುದೆಲ್ಲ ಉಲ್ಲಂಘನೆ, ಅಕ್ಕನ ಇಳಿಜಾರೇ ಮೊದಲನೆಯದು ಎಂದು ಅವರೂ ಒಂದು ದೂರು ಬರೆದರು. ಹೀಗೆ ಒಂದೇ ಪದಕ್ಕೆ ಎರಡು ದೂರು ತಗಲಿಕೊಂಡಿತು. ‘ಮುಂದೆ’ ಎಂದರೆ ಇನ್ನು ಮೇಲೆ ಎಂದಾದರೆ ಡಾಕ್ಟರ ಕೋಣೆ ಬೀಳಬೇಕು. ‘ಮುಂದೆ’ ಎಂದರೆ ಎದುರಿಗೆ ಎಂದಾದರೆ ಅಕ್ಕನ ಇಳಿಜಾರು ಬೀಳಬೇಕು. ಬರೆದವನು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂತಿದ್ದಾನೆ ಎಂದು ಖಜಾಂಚಿ ಯಾರ ಬಳಿಯೋ ಹೇಳಿದನಂತೆ. ಅದನ್ನು ಅವನಿಗೆ ತಲುಪಿಸಿದವಳು ಹೆಂಡತಿ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವತ್ತೇ ಸಂಜೆಯ ಸಭೆಗೆ ಹೊರಟವನಿಗೆ ಅವಳು ಇಷ್ಟೇ ಹೇಳಿದಳು: “ನಿಮ್ಮಕ್ಕ ಇವತ್ತೂ ಎಲ್ಲರೆದುರಿಗೆ ನಿಮ್ಮನ್ನ ಮೂಗಾ ಅಂತಾರೆ, ನೋಡ್ತಿರಿ. ನೀವು ಇವತ್ತೂ ಹಲ್ಲು ಕಿರೀತೀರಿ.”

ಸಮಿತಿಯ ಕೋಣೆ ನೀರಿನ ಪಂಪುಮನೆಯ ಮೇಲಿತ್ತು. ಪಂಪು ಓಡುವಾಗ ಪ್ಲಾಸ್ಟಿಕ್ ಕುರ್ಚಿಗಳು ಸಣ್ಣಗೆ ನಡುಗುತ್ತಿದ್ದವು, ಕಾಗದದ ಲೋಟದೊಳಗಿನ ಚಹಾದ ಮೇಲೆ ಉಂಗುರ ಏಳುತ್ತಿತ್ತು. ಡಾಕ್ಟರು ನಡುವೆ ಕೂತಿದ್ದರು. ಅವರ ಬೆರಳುಗಳು ಬೆಳ್ಳಗೆ, ಉಗುರು ತೀರ ಒಳಕ್ಕೆ ಕತ್ತರಿಸಿದ್ದು. ಆ ಬೆರಳು ಬಾಯೊಳಗೆ ಓಡಾಡಿದ ನೆನಪಿನಿಂದ ಅವನಿಗೆ ಅವರ ಮುಖ ನೋಡಿ ಮಾತಾಡುವುದೇ ಕಷ್ಟ. ತನ್ನ ಬಾಯೊಳಗೆ ಏನೇನು ಕೊಳೆತಿದೆ ಎಂದು ಎಲ್ಲ ನೋಡಿದ ಮನುಷ್ಯ. ಪಕ್ಕದಲ್ಲಿ ಖಜಾಂಚಿ, ಟೈಲ್ಸಿನ ಅಂಗಡಿಯವನು. ಈಚೆಗೆ ನಿವೃತ್ತರಾಗಿ ಬಡಾವಣೆಗೆ ಬಂದ ಹೆಡ್‌ಮಿಸ್ಸು ಕಿಟಕಿಯ ಬಳಿ. ಅಕ್ಕ ಬಾಗಿಲಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು, ಎದ್ದು ಹೋಗುವಾಗ ಯಾರ ಕಾಲೂ ದಾಟಬೇಕಾಗಬಾರದು ಎಂಬಂತೆ. ಇನ್ನೂ ಹತ್ತಾರು ಜನ ಮೋಜು ನೋಡಲು ಬಂದು ಗೋಡೆಗೆ ಒರಗಿ ನಿಂತಿದ್ದರು. ಸಾಮಾನ್ಯವಾಗಿ ಕೋರಂ ಆಗದ ಸಭೆ ಇದು.

“ಯಾರ ಮೇಲೂ ದ್ವೇಷ ಇಲ್ಲ,” ಎಂದರು ಡಾಕ್ಟರು. “ನಿಯಮ ಅಂದ್ರೆ ನಿಯಮ. ಇವತ್ತು ಇವರಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ.”

“ಹಾಗಾದ್ರೆ ನಿಮ್ಮ ಕೋಣೆಯಿಂದ್ಲೇ ಶುರು ಮಾಡಿ,” ಎಂದಳು ಅಕ್ಕ. “ನಿಯಮ ಬಂದ ಮೇಲೆ ಕಟ್ಟಿದೋರು ನೀವು. ನಮ್ದು ನಿಯಮಕ್ಕಿಂತ ಮೊದಲಿನದು. ಎಲ್ಲರಿಗೂ ಗೊತ್ತು.”

“ಯಾವಾಗ ಕಟ್ಟಿದ್ದು ಅನ್ನೋದು ಪ್ರಶ್ನೆ ಅಲ್ಲಮ್ಮ. ಎಲ್ಲಿ ಕಟ್ಟಿದ್ದು ಅನ್ನೋದು. ಮುಂದೆ ಅಂತಿದೆ. ಓದಿ.”

“ಮುಂದೆ ಅಂದ್ರೆ ಇನ್ನು ಮುಂದೆ!”

“ಇನ್ನು ಅಂತ ಎಲ್ಲಿದೆ ತೋರಿಸಿ?”

ಎಲ್ಲರೂ ಗೋಡೆಯ ಕಡೆ ತಿರುಗಿದರು. ಚೌಕಟ್ಟಿನ ಗಾಜಿನಲ್ಲಿ ಕಿಟಕಿಯ ಬೆಳಕು ಬಿದ್ದು ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ, ಯಾರೋ ಎದ್ದು ಪರದೆ ಎಳೆದರು. ತನ್ನ ವಾಕ್ಯವನ್ನು ಇಷ್ಟು ಜನ ಒಟ್ಟಿಗೆ ಓದುತ್ತಿರುವುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಹೆಮ್ಮೆಯಂಥದೇ ಏನೋ ಎದೆಯಲ್ಲಿ ಮಿಸುಕಿ ಅವನಿಗೇ ನಾಚಿಕೆಯಾಯಿತು. ಖಜಾಂಚಿಯ ಜಗುಲಿ ಎಲ್ಲಿದೆ, ಅದೂ ಮುಂದೆ ತಾನೆ, ಎಂದಳು ಅಕ್ಕ. ಜಗುಲಿ ಮನೆಯ ಜೊತೆಗೇ ಹುಟ್ಟಿದ್ದು, ಮೇಲಿಂದ ಕಟ್ಟಿದ್ದಲ್ಲ, ಎಂದ ಖಜಾಂಚಿ, ಕುಂಬಳಕಾಯಿ ಕಳ್ಳನಂತೆ ತಟ್ಟನೆ. ಅವತ್ತಿನ ಸಭೆಯಲ್ಲಿ ನೀವೂ ಇದ್ರಲ್ಲ, ಏನು ಮಾತಾಯ್ತು ಹೇಳಿ, ಎಂದು ಅಕ್ಕ ಕೇಳಿದರೆ ಖಜಾಂಚಿಗೆ ನೆನಪೇ ಇಲ್ಲವಂತೆ. ಹೆಡ್‌ಮಿಸ್ಸು ಕನ್ನಡಕ ಸರಿಮಾಡಿಕೊಂಡು, ಎರಡು ಅರ್ಥವೂ ಬರುತ್ತದೆ, ಹೀಗಿದ್ದಾಗ ಬರೆದವರ ಉದ್ದೇಶ ಏನಿತ್ತೆಂದು ಕೇಳುವುದೇ ಕ್ರಮ, ಎಂದರು. “ಅದೇ ನಾನೂ ಹೇಳೋದು,” ಎಂದರು ಡಾಕ್ಟರು, ಅವನ ಕಡೆ ತಿರುಗಿ, ಪೇಷಂಟಿಗೆ ಬಾಯಿ ತೆಗೆಯಿರಿ ಎನ್ನುವ ಅದೇ ಮೆತ್ತನೆಯ ದನಿಯಲ್ಲಿ. “ಭಾಷೆ ಬಲ್ಲವರು ಇವರು. ಒಂದು ಪದ ಸುಮ್ಮನೆ ಹಾಕೋರಲ್ಲ, ಸುಮ್ಮನೆ ಬಿಡೋರೂ ಅಲ್ಲ. ಇವರು ಏನು ಹೇಳಿದ್ರೂ ನಾನು ಒಪ್ಕೋತೀನಿ. ನಾಳೆನೇ ಕೋಣೆ ಕೆಡವು ಅಂದ್ರೆ ಕೆಡವ್ತೀನಿ.”

ಕೆಳಗೆ ಪಂಪು ಓಡುತ್ತಿತ್ತು. ಹೇಳಬೇಕಾದದ್ದು ಅವನಿಗೆ ಗೊತ್ತಿತ್ತು, ಅದು ಬಾಯಿಗೂ ಬಂದಿತ್ತು. ಇನ್ನು ಮುಂದೆ ಅಂತಲೇ ಬರೆದದ್ದು, ಇನ್ನು ಎಂಬುದನ್ನು ನಾನೇ ಹೊಡೆದುಹಾಕಿದೆ, ನನ್ನ ತಪ್ಪು. ಅಷ್ಟೇ. ನನ್ನ ತಪ್ಪು ಎಂಬಲ್ಲಿ ಮಾತು ಒಂದು ಗಳಿಗೆ ಎಡವಿತು: ಕೆಂಪು ಶಾಯಿಯವನು, ಊರಿನ ತಪ್ಪೆಲ್ಲ ತಿದ್ದುವವನು, ತನ್ನ ಒಂದು ಸಾಲನ್ನು ನೆಟ್ಟಗೆ ಬರೆಯಲಾರದವನು ಎಂದು ಗೋಡೆಗೊರಗಿದವರು ನಗುವುದು ಕಿವಿಗೆ ಕೇಳಿಸಿತು. ಆದರೂ ಹೇಳುತ್ತಿದ್ದ. ಇನ್ನೊಂದು ಉಸಿರು ಎಳೆದುಕೊಂಡಿದ್ದರೆ ಹೇಳಿಯೇಬಿಡುತ್ತಿದ್ದ.

“ಹೇಳೋ ಮೂಗಾ,” ಎಂದಳು ಅಕ್ಕ. ಸಿಟ್ಟಿನಿಂದಲ್ಲ, ಹಿತ್ತಲಿನ ಅದೇ ದನಿ, ಅನ್ನು, ಅನ್ನು. “ಬಾಯಲ್ಲೇನು ಕಡುಬಿದೆಯಾ? ಬೇಕಾದ್ರೆ ಚಿವುಟ್ಲಾ?”

ನಕ್ಕರು. ಹೆಡ್‌ಮಿಸ್ಸು ಕೂಡ ನಕ್ಕು, ಆಮೇಲೆ ಕೆಮ್ಮಿದರು. ಅವನೂ ಹಲ್ಲು ಕಿರಿದ, ಹೆಂಡತಿ ಹೇಳಿದ್ದಂತೆಯೇ; ಕಿರಿಯುತ್ತಿದ್ದೇನೆಂದು ಗೊತ್ತಾದ ಗಳಿಗೆಯಲ್ಲೇ ನಾಲಿಗೆ ಆ ಚೂಪು ಅಂಚಿಗೆ ಒತ್ತಿಕೊಂಡು ಉರಿಯಿತು. ಐವತ್ತು ದಾಟಿದ ಗಂಡಸಿನ ತೋಳು ತಾನಾಗಿ ಮೈಗೆ ಅಂಟಿಕೊಂಡಿತ್ತು, ಚಿವುಟಿಸಿಕೊಳ್ಳುವ ಜಾಗ ಮುಚ್ಚಿಕೊಂಡು.

“ಮುಂದೆ ಅಂದರೆ,” ಎಂದ. ಅವನ ದನಿ ಅವನಿಗೇ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿತ್ತು. “ಮುಂದೆ ಅಂದರೆ ಎದುರಿಗೆ. ಮನೆಯ ಮುಂದೆ. ಆ ಅರ್ಥದಲ್ಲೇ ಬರೆದದ್ದು.”

ಅಕ್ಕ ಬಾಯಿ ತೆರೆದಳು. ಏನೋ ಹೇಳುವವಳಿದ್ದಳು, ಅವನು ಅವಳ ಮುಖ ನೋಡಿದ, ಅದರಲ್ಲಿ ಅವನು ಕಾದಿದ್ದ ಸಿಟ್ಟು ಇರಲಿಲ್ಲ. ಅವಳು ಅವನನ್ನು ಎಷ್ಟೋ ಹೊತ್ತು ನೋಡಿದಳು, ಅಚ್ಚಾದ ಪುಟದಲ್ಲಿ ತಪ್ಪು ಕಂಡವನು ನೋಡುವಂತೆ. ಆಮೇಲೆ ಬಾಯಿ ಮುಚ್ಚಿದಳು. “ಆಯ್ತು,” ಎಂದಳು. ಕುರ್ಚಿಯನ್ನು ಗೋಡೆಗೆ ಸರಿಸಿಟ್ಟು ಮೆಟ್ಟಿಲಿಳಿದು ಹೋದಳು. ಡಾಕ್ಟರು, “ನೋಡಿ, ಬರೆದವರ ಬಾಯಿಂದ್ಲೇ ಬಂತು,” ಎನ್ನುತ್ತಿದ್ದರು. ಮೋಜು ನೋಡಲು ಬಂದವರಿಗೆ ಇಷ್ಟು ಬೇಗ ಮುಗಿದದ್ದು ಹಿಡಿಸಲಿಲ್ಲ, ಚಹಾ ತಣ್ಣಗಿತ್ತು ಎಂದು ಗೊಣಗುತ್ತ ಚದುರಿದರು. ಖಜಾಂಚಿ ಅವನ ಬೆನ್ನು ತಟ್ಟಿದ. ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಗೆದ್ದವನಂತೆ ಅನ್ನಿಸಿತು, ಅದು ಸುಳ್ಳಲ್ಲ. ಮೊದಲ ಸಲ ಅವಳ ಬಾಯಿ ಮುಚ್ಚಿಸಿದೆ ಎಂದುಕೊಂಡು ಗೇಟು ತೆಗೆದ. ಊಟಕ್ಕೆ ಕೂತಾಗ ಮಾತ್ರ ತುತ್ತು ಬಲಗಡೆಯಲ್ಲೇ ಅಗಿಯಬೇಕಾಗಿ ಬಂತು, ಅದೂ ಇಳಿಯಲಿಲ್ಲ. ಹೆಂಡತಿ ಎರಡು ಸಲ ಮುಖ ನೋಡಿದಳು. “ಭಾವ ಇನ್ನು ಹೇಗೆ ಹೊರಗೆ ಹೋಗ್ತಾರೆ?” ಎಂದು ಕೇಳಿದಳು, ಮೂಗಾ ಎನ್ನಿಸಿಕೊಳ್ಳುತ್ತೀರೆಂದು ಚುಚ್ಚಿ ಕಳಿಸಿದ್ದವಳೇ. ಅವನು ತಟ್ಟೆಯಲ್ಲಿ ಕೈತೊಳೆದು ಎದ್ದ.

ವಾರದ ನಡುವೆ ಹಲ್ಲಿಗೆ ಕಾಯಂ ಕ್ಯಾಪು ಕೂರಿಸಿಕೊಳ್ಳಲು ಡಾಕ್ಟರ ಬಳಿ ಹೋದ. ಕುರ್ಚಿ ಹಿಂದಕ್ಕೆ ಬಾಗಿತು, ದೀಪ ಕಣ್ಣಿಗೆ ಬಂತು. ಡಾಕ್ಟರು ಬಾಯಿ ತುಂಬ ಹತ್ತಿ ತುರುಕಿ ಮಾತು ಶುರುಮಾಡಿದರು. ಇಳಿಜಾರು ಒಡೆಯುವವರಿಗೆ ಹೇಳಿಯಾಗಿದೆ, ನಾಳೆ ಬರುತ್ತಾರೆ. ನಿಮ್ಮ ಅಕ್ಕನಿಗೆ ಒಂದು ಮಾತು ಹೇಳಿ, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಬೇಕಾದರೆ ಹಲಗೆಯದು ಇಡಲಿ, ಹಲಗೆ ‘ಕಟ್ಟಿದ್ದು’ ಆಗುತ್ತದೋ ಇಲ್ಲವೋ ಎಂದು ಮುಂದಿನ ಸಭೆಯಲ್ಲಿ ನೋಡೋಣ, ಅದನ್ನೂ ನೀವೇ ಹೇಳಬೇಕು. ಅವನು ಗಂಟಲಿನಿಂದ ಏನೋ ಸದ್ದು ಮಾಡಿದ. “ನೋವಾಯ್ತಾ?” ಎಂದರು ಡಾಕ್ಟರು. ಹೌದೆನ್ನಲು, ಅಲ್ಲವೆನ್ನಲು, ನೀವು ಮಹಾ ಲುಚ್ಚ ಎನ್ನಲು, ನಾನು ನಿಮಗಿಂತ ಲುಚ್ಚ ಎನ್ನಲು ಅವನ ಬಳಿ ಇದ್ದದ್ದು ಅದೊಂದೇ ಸದ್ದು. ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯಿತು. “ಅಷ್ಟೇ, ಅಷ್ಟೇ, ಆಗಿಹೋಯ್ತು,” ಎಂದು ಡಾಕ್ಟರು ಮಗುವಿಗೆ ಹೇಳುವಂತೆ ಹೇಳಿದರು. ಹಲ್ಲು ನುಣ್ಣಗಾಗಿತ್ತು. ನಾಲಿಗೆಗೆ ಈಗ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಒಡೆದ ದಿನ ಅವನು ಅಚ್ಚುಮನೆಯಲ್ಲಿ ಬೇಕೆಂದೇ ತಡಮಾಡಿದ. ಯಾರದೋ ಮದುವೆಯ ಕರೆಯೋಲೆಯ ಕರಡು, ‘ಸಕುಟುಂಬ ಸಮೇತ’ ಎಂದಿತ್ತು. ಸಮೇತವನ್ನು ಹೊಡೆಯಲು ಕೈ ಹೋಗಿ, ಇರಲಿ ಬಿಡು, ಯಾರಿಗೇನು ನಷ್ಟ, ಎಂದು ಬಿಟ್ಟ. ಅವನ ಜೊತೆಯವನು ಬಗ್ಗಿ ನೋಡಿ, ಮೈಗೆ ಹುಷಾರಿಲ್ಲವೇ ಎಂದು ಕೇಳಿದ. ಸಂಜೆ ಬೇರೆ ರಸ್ತೆಯಿಂದ ಸುತ್ತಿಕೊಂಡು ಹೋಗಬೇಕೆಂದುಕೊಂಡವನ ಕಾಲು ಅಕ್ಕನ ಮನೆಯ ರಸ್ತೆಗೇ ತಿರುಗಿತು. ಇಳಿಜಾರು ಇರಲಿಲ್ಲ. ವರ್ಷಗಟ್ಟಲೆ ಮುಚ್ಚಿದ್ದ ಹಳೆಯ ಮೆಟ್ಟಿಲುಗಳು ಅಂಚು ಒಡೆದುಕೊಂಡು, ಬೂದು ಬಣ್ಣಕ್ಕೆ ತಿರುಗಿ ಮೇಲೆದ್ದಿದ್ದವು. ಬಾಗಿಲು ಎಷ್ಟು ಎತ್ತರದಲ್ಲಿದೆ ಎಂದು ಅವನಿಗೆ ಈಗ ಗೊತ್ತಾಯಿತು. ಆ ಎತ್ತರದಲ್ಲಿ, ಹೊಸ್ತಿಲಿನ ಒಳಗೆ, ಭಾವ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ. ಕಲಿಯುವವನೊಬ್ಬನ ಕಾರು ಎಗರಾಡುತ್ತ ದಾಟಿಹೋಯಿತು. ಭಾವ ಏನೂ ಕೂಗಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಹೋದ, ಯಾರೂ ಕರೆದಿರಲಿಲ್ಲ. ಎದುರಿಗೆ ಖಜಾಂಚಿ ಜಗುಲಿಯ ಕಂಬಕ್ಕೆ ಒರಗಿ ನಿಂತು, ಮೆಟ್ಟಿಲ ಮೇಲಿನ ಸಿಮೆಂಟು ಚೂರು ಗುಡಿಸುತ್ತಿದ್ದ ಅಕ್ಕನಿಗೆ ಹೇಳುತ್ತಿದ್ದ: “ತಪ್ಪು ತಿಳ್ಕೋಬೇಡಿ ಅಮ್ಮಾ. ನಮ್ಮ ಅಂಗಡಿಯಿಂದ ಇಬ್ಬರು ಆಳುಗಳನ್ನ ಕಳಿಸ್ತೀನಿ, ದಿನಾ ಯಜಮಾನರನ್ನ ಇಳಿಸಿ ಹತ್ತಿಸಿ ಹೋಗ್ತಾರೆ.” ಅವನಿಗೆ ಒಂದು ಗಳಿಗೆ ಎದೆ ಹಗುರವಾಯಿತು, ಸದ್ಯ, ದಾರಿ ಆಯಿತಲ್ಲ. ಅಕ್ಕ ಗುಡಿಸುವುದು ನಿಲ್ಲಿಸಿ, ಅವನು ಗೇಟಿನಲ್ಲಿ ನಿಂತಿರುವುದನ್ನು ನೋಡಿ, ರಸ್ತೆಗೆಲ್ಲ ಕೇಳುವಂತೆ ಹೇಳಿದಳು: “ಬೇಡಪ್ಪಾ. ನನ್ನ ತಮ್ಮ ಇದಾನೆ.”

ಭಾವನ ಕುರ್ಚಿಯನ್ನು ಹಿಂದಿನಿಂದ ಅಕ್ಕ ಹಿಡಿದಳು, ಕಾಲಿನ ಕಡೆ ಅವನು. ಬೆನ್ನು ರಸ್ತೆಗೆ ಮಾಡಿ, ಕಾಣದ ಮೆಟ್ಟಿಲನ್ನು ಹಿಮ್ಮಡಿಯಿಂದ ಹುಡುಕುತ್ತ ಇಳಿಯಬೇಕು. ಭಾರ ಪೂರ್ತಿ ಅವನ ಮೇಲೆ ಬಂತು. ಇಷ್ಟು ವರ್ಷಗಳಲ್ಲಿ ಭಾವನ ಮುಖವನ್ನು ಇಷ್ಟು ಹತ್ತಿರದಿಂದ ಅವನು ನೋಡಿರಲಿಲ್ಲ; 
ಗಲ್ಲದ ಮೇಲೆ ಕ್ಷೌರ ತಪ್ಪಿದ ಬಿಳಿ ಕೂದಲು, ಸೋಪಿನ ವಾಸನೆ, ಹೆದರಿಕೆಯ ವಾಸನೆ. ಹೌದು, ಭಾವ ಹೆದರಿದ್ದ. ಕುರ್ಚಿಯ ತೋಳು ಹಿಡಿದ ಕೈಯ ಗೆಣ್ಣು ಬೆಳ್ಳಗಾಗಿತ್ತು. ನಡುವಿನ ಮೆಟ್ಟಿಲಿನಲ್ಲಿ ಅವನ ಚಪ್ಪಲಿ ಒಡೆದ ಅಂಚಿನ ಮೇಲೆ ಜಾರಿತು, ಕುರ್ಚಿ ವಾಲಿ ನಿಂತಿತು.

“ಬಿಡ್ಬೇಕು ಅನ್ನಿಸಿದ್ರೆ ಮೊದಲೇ ಹೇಳಿ ಬಿಡಪ್ಪಾ,” ಎಂದ ಭಾವ ಸಣ್ಣ ದನಿಯಲ್ಲಿ, ಅವನಿಗೊಬ್ಬನಿಗೇ ಕೇಳುವಂತೆ. “ನಾನು ಗಟ್ಟಿ ಹಿಡ್ಕೋತೀನಿ.” ತಮಾಷೆಯೆಂದು ಅವನು ಮುಖ ನೋಡಿದ. ತಮಾಷೆಯಾಗಿರಲಿಲ್ಲ.

ಇಳಿಸಿದರು. ಭಾವ ತಿರುಗಿಯೂ ನೋಡದೆ ಗಾಲಿ ತಳ್ಳಿಕೊಂಡು ತಿರುವಿನ ಕಡೆ ಹೋದ. ಅಕ್ಕ ಮತ್ತೆ ಪೊರಕೆ ಹಿಡಿದಳು. ಈಗ ಹೇಳದಿದ್ದರೆ ಇನ್ನು ಎಂದೂ ಹೇಳಲಾರೆ ಎನ್ನಿಸಿ, ಅವಳ ಬೆನ್ನಿಗೇ ಹೇಳಿದ:

“ಅಕ್ಕಾ, ನಾನು ಬರೆದಿದ್ದು ಇನ್ನು ಮುಂದೆ ಅಂತಲೇ.”

“ಗೊತ್ತು.”

“ಇಲ್ಲ, ಅದಲ್ಲ. ಅವತ್ತು ನಾನೇ ಬೇಕಂತ...”

“ಗೊತ್ತು ಕಣೋ. ನಮ್ಮನೆ ಊಟದ ಮೇಜಿನ ಮೇಲೆ ಕೂತು ತಾನೆ ಬರೆದಿದ್ದು? ನೀನೇ ನಂಗೆ ಓದಿ ಹೇಳ್ದೆ. ‘ಇನ್ನು’ ತೆಗೀಬೇಡ, ಇರ್ಲಿ, ಮುಂದೆ ಯಾರಾದ್ರೂ ತಿರುಚ್ತಾರೆ ಅಂದೆ ನಾನು. ನಿಂಗೇನು ಗೊತ್ತು, ಅದು ಹೆಚ್ಚಿನ ಪದ ಅಂದೆ ನೀನು. ರೊಟ್ಟಿ ತಿಂದು ಹೋದೆ.”

ಮೇಜು ನೆನಪಾಯಿತು. ರೊಟ್ಟಿ ಬಡಿಸಿದ ಕೈಯೂ ನೆನಪಾಯಿತು. ಇಷ್ಟು ದಿನ ಅದನ್ನೆಲ್ಲ ಎಲ್ಲಿಟ್ಟಿದ್ದೆ ಎಂದು ಅವನಿಗೆ ತಿಳಿಯಲಿಲ್ಲ.

“ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಮುಗೀತಿತ್ತಲ್ಲ. ನಾನು ಇಲ್ಲ ಅನ್ನೋಕೆ ಆಗ್ತಿರ್ಲಿಲ್ಲ.”

ಅಕ್ಕ ಚೂರುಗಳನ್ನು ಒಂದು ಕಡೆ ಒಟ್ಟಿದಳು. “ನನ್ನ ತಮ್ಮ ಸುಳ್ಳ ಅಂತ ಅಷ್ಟು ಜನದ ಎದುರಿಗೆ ನಾನೇ ಹೇಳ್ಬೇಕಿತ್ತಾ?”

ಅವನು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

“ಸಾಕು, ಮಾತು ಬೇಡ. ಮಧ್ಯಾಹ್ನ ಅವರನ್ನ ಹತ್ತಿಸ್ಬೇಕು, ಇಳಿಸಿದ ಹಾಗಲ್ಲ ಅದು. ಹೊತ್ತಿಗೆ ಸರಿಯಾಗಿ ಬಾ,” ಎಂದಳು. ಆಮೇಲೆ ಅವನ ಕಾಲು ನೋಡಿ, “ಈ ಚಪ್ಪಲಿ ಜಾರುತ್ತೆ. ಬೇರೆ ಹಾಕ್ಕೊಂಡು ಬಾ.”